ಮಳೆಗಾಲದ ಎಲುಬು, ಬೇಸಿಗೆಯ ಎಲುಬು

ನಮ್ಮ ಮನೆಯಲ್ಲಿ ಮಳೆ ಲೆಕ್ಕದ ಪುಸ್ತಕ ಒಂದಿದೆ. ಕಾಫಿ ತೋಟ ಇರುವ ಬಹಳಷ್ಟು ಮನೆಗಳಲ್ಲಿ ಇರುವಂಥದ್ದೇ. ಬೆಳಿಗ್ಗೆ ಎಂಟಕ್ಕೆ ಅಂಗಳದ ಮಾಪಕದಲ್ಲಿ ನಿಂತ ನೀರನ್ನು ಅಳೆದು, ತಾರೀಕಿನ ಎದುರು ಇಂಚು, ಸೆಂಟು ಬರೆಯುವುದು. ಅಪ್ಪಯ್ಯ ಮಳೆಯ ಪಕ್ಕದಲ್ಲೇ ಬೇರೆ ಸಂಗತಿಗಳನ್ನೂ ಒಂದೊಂದು ಸಾಲಿನಲ್ಲಿ ಬರೆದಿಡುತ್ತಿದ್ದರು. ಹೂಮಳೆ ಸರಿಯಾಗಿ ಬಿತ್ತು, ದನ ಕರು ಹಾಕಿತು, ಸಂಕ ಕೊಚ್ಚಿಹೋಯಿತು ಎಂದೆಲ್ಲ. 2007ರ ಜುಲೈ ತಿಂಗಳ ಪುಟದಲ್ಲಿ, 5 ಇಂಚು 40 ಸೆಂಟು ಎಂಬ ಅಂಕಿಯ ಮುಂದೆ ಅವರ ಕೈಬರಹದಲ್ಲಿ ಹೀಗಿದೆ: ‘ರಾತ್ರಿ ಗಿಟಾರ್ ಕಿತ್ತುಬಂತು.’

ಕಿತ್ತುಬಂದದ್ದು ಅದರ ಬ್ರಿಡ್ಜ್. ವೀಣೆಯವರು ಕುದುರೆ ಎನ್ನುತ್ತಾರಲ್ಲ, ಅದರ ಜಾಗದಲ್ಲಿ ಗಿಟಾರಿನಲ್ಲಿ ಇರುವ ಮರದ ತುಂಡು. ತಂತಿಗಳ ಬುಡವೆಲ್ಲ ಅದರಲ್ಲಿ ಸಿಕ್ಕಿಕೊಂಡಿರುತ್ತದೆ. ಗಿಟಾರಿನ ಆರು ಉಕ್ಕಿನ ತಂತಿಗಳು ಸೇರಿ ಸುಮಾರು 70 ಕಿಲೋ ಭಾರದಷ್ಟು ಎಳೆಯುತ್ತವೆ. ಆಳೊಬ್ಬ ಹಗಲೂ ರಾತ್ರಿ ಆ ತೆಳ್ಳನೆಯ ಹಲಗೆಗೆ ಜೋತುಬಿದ್ದ ಹಾಗೆ. ನಡುರಾತ್ರಿ, ಹಂಚಿನ ಮೇಲೆ ಮಳೆ ಹೊಡೆಯುತ್ತಿರುವಾಗ, ಕೋವಿ ಹಾರಿದಂಥ ಸದ್ದು. ಅಮ್ಮ ಹಂದಿ ಹೊಡೆಯುವವರು ಬಂದರೆಂದು ಎದ್ದು ಕೂತರು. ಟಾರ್ಚು ಹಿಡಿದು ನೋಡಿದರೆ ಗೋಡೆಯಲ್ಲಿ ನೇತುಹಾಕಿದ್ದ ಗಿಟಾರಿನ ಎದೆ ಕಿತ್ತುಹೋಗಿ, ತಂತಿಗಳು ಬಿದಿರು ಮೆಳೆಯ ಹಾಗೆ ಸುತ್ತಿಕೊಂಡು ಇಳಿಬಿದ್ದಿದ್ದವು.

ಆ ಗಿಟಾರ್ ನಮಗೆ ಬಂದದ್ದು ಕುದುರೆಮುಖದಿಂದ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಯ ದಿನಕ್ಕೆ ಅಲ್ಲಿಯ ಕಬ್ಬಿಣದ ಅದಿರಿನ ಗಣಿ ನಿಂತಿತು. ಬೇರೆ ಬೇರೆ ರಾಜ್ಯಗಳಿಂದ ಬಂದು ಇಪ್ಪತ್ತು, ಇಪ್ಪತ್ತೈದು ವರ್ಷ ಅಲ್ಲಿ ಬಾಳಿದ ಕುಟುಂಬಗಳು ಮನೆ ಖಾಲಿ ಮಾಡತೊಡಗಿದವು. ಬಾಳೆಹೊಳೆ, ಕಳಸ, ಸಂಸೆ ಕಡೆಯವರು ಜೀಪು ತೆಗೆದುಕೊಂಡು ಹೋಗಿ ಬೀರು, ಸೈಕಲ್ಲು, ಹೊಲಿಗೆ ಯಂತ್ರ ಎಂದು ಕೊಂಡು ತರುತ್ತಿದ್ದ ಕಾಲ ಅದು. ನಾನು ಒಂದು ಗಿಟಾರ್ ತಂದೆ. ಮಾರಿದ ಹೆಂಗಸು ಅದನ್ನು ಕೊಡುವ ಮೊದಲು ಒಂದು ಸಲ ಬಟ್ಟೆಯಲ್ಲಿ ಒರೆಸಿದರು. ಮಗ ಪರ ಊರಿನಲ್ಲಿ ಓದುತ್ತಿದ್ದಾನೆ, ಇನ್ನು ನುಡಿಸುವುದಿಲ್ಲ ಎಂದರು. ಆ ಒರೆಸಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ನುಡಿಸಲು ಕಲಿಸಿದ್ದು ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟ್ರು. ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ಡಿಸೆಂಬರ್ ಬಂತೆಂದರೆ ಇಗರ್ಜಿಯ ಹಾಡಿನವರ ಜೊತೆ ಗಿಟಾರ್ ಹಿಡಿದು ಮನೆಮನೆಗೆ ಹೋಗುತ್ತಿದ್ದವರು. ಕಾಫಿ ಕೊಯ್ಲಿನ ದಿನಗಳಲ್ಲಿ ಸಂಜೆ ಬುಟ್ಟಿ ಅಳೆದು, ಆಳುಗಳ ಹಾಜರಿಯ ಚೆಕ್‌ರೋಲ್ ಬರೆದು ಮುಗಿಸಿ, ಸೀಮೆಎಣ್ಣೆ ದೀಪದ ಪಕ್ಕ ಕೂತು ನನ್ನ ಬೆರಳನ್ನು ಒಂದೊಂದಾಗಿ ತಂತಿಯ ಮೇಲೆ ಇಡುತ್ತಿದ್ದರು. ಮೂರು ಸ್ವರಮೇಳ ಬಂದರೆ ರಾಜನ್-ನಾಗೇಂದ್ರರ ಅರ್ಧ ಹಾಡುಗಳು ನಿನ್ನವು ಎಂದು ಹುರಿದುಂಬಿಸುತ್ತಿದ್ದರು. ಅವರು ಹೇಳಿದ್ದು ಹೆಚ್ಚೂಕಮ್ಮಿ ನಿಜವಾಯಿತು.

ಗಿಟಾರ್ ಮಾತ್ರ ನಮ್ಮ ಮಳೆಗೆ ತಾಳಲಿಲ್ಲ. ಬಡಗಿ ಬಂದು ಅಂಟು ಹಾಕಿ ಕೂರಿಸಿದ. ಮುಂದಿನ ಆಷಾಢಕ್ಕೆ ಎದೆಯ ಹಲಗೆ ಬಸುರಿಯ ಹೊಟ್ಟೆಯಂತೆ ಉಬ್ಬಿತು. ತಂತಿಗೂ ಹಿಡಿಕೆಗೂ ನಡುವೆ ಪೆನ್ಸಿಲ್ ತೂರಿಸುವಷ್ಟು ಎತ್ತರ. ಒತ್ತಿದರೆ ಬೆರಳು ಹರಿಯುತ್ತಿತ್ತು, ಸ್ವರ ಹುಳಿಯಾಗುತ್ತಿತ್ತು. ಒಲೆಯ ಮೇಲಿನ ಹೊಗೆ ಅಟ್ಟದಲ್ಲಿಡು ಎಂದರು ಚಿಕ್ಕಪ್ಪ. ಬೀರುವಿನೊಳಗೆ ಬಲ್ಬು ಹಚ್ಚಿಡು ಎಂದರು ಇನ್ನೊಬ್ಬರು. ಮಲೆನಾಡಿನಲ್ಲಿ ರೇಷ್ಮೆ ಸೀರೆಗೂ ಕ್ಯಾಮೆರಾಕ್ಕೂ ಬೂಷ್ಟು ಹಿಡಿಯದಿರಲು ಹಾಗೆ ಮಾಡುವುದುಂಟು. ನಾನು ಬಲ್ಬು ಹಚ್ಚಿದೆ. ಜನವರಿ ಹೊತ್ತಿಗೆ ಹಲಗೆ ಉದ್ದಕ್ಕೂ ಬಿರುಕು ಬಿಟ್ಟಿತು. ಮರ ನೀರು ಕುಡಿದರೆ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗಿದರೆ ಹಾಗೆಯೇ ಕುಗ್ಗುತ್ತದೆ. ನಾಲ್ಕೂ ಕಡೆ ಅಂಟು ಹಾಕಿ ಬಿಗಿದ ಹಲಗೆಗೆ ಕುಗ್ಗಲು ಜಾಗವಿಲ್ಲ, ಹಾಗಾಗಿ ಸೀಳುತ್ತದೆ. ಇದೆಲ್ಲ ನನಗೆ ತಿಳಿದದ್ದು ಗಿಟಾರ್ ಹಾಳಾದ ಮೇಲೆ.

2011ರಲ್ಲಿ ಅರೇಬಿಕಾಕ್ಕೆ ಒಳ್ಳೆಯ ಬೆಲೆ ಬಂತು. ಆ ವರ್ಷ ಬೆಂಗಳೂರಿಗೆ ಹೋಗಿ ವಾದ್ಯದಂಗಡಿಗಳನ್ನು ಸುತ್ತಿದೆ. ಎಸಿ ಹಾಕಿದ ಕೋಣೆಯ ಗೋಡೆ ತುಂಬ ವಿದೇಶದ ಗಿಟಾರುಗಳು. ಒಂದೊಂದರ ಕೊರಳಲ್ಲೂ ಚೀಟಿ. ಅದರಲ್ಲೊಂದು ದುಬಾರಿ ಗಿಟಾರಿನ ಚೀಟಿಯಲ್ಲಿ ಬೆನ್ನು ಮತ್ತು ಪಕ್ಕ ‘ಇಂಡಿಯನ್ ರೋಸ್‌ವುಡ್’ ಎಂದಿತ್ತು. ತಿರುಗಿಸಿ ನೋಡಿದೆ. ಕೆನ್ನೇರಳೆ ಬಣ್ಣ, ನಡುನಡುವೆ ಕಪ್ಪು ಗೆರೆ. ಇದು ನಮ್ಮ ಬೀಟೆ! ನಮ್ಮ ಮನೆಯ ಬಾಗಿಲ ಚೌಕಟ್ಟು, ಅಜ್ಜನ ಮಂಚ, ತೋಟದ ಮೂಲೆಯಲ್ಲಿ ಮೆಣಸಿನ ಬಳ್ಳಿ ಹೊತ್ತು ನಿಂತಿರುವ ಮರ. ಸಮುದ್ರ ದಾಟಿ ಹೋಗಿ, ಗಿಟಾರಾಗಿ, ನಮ್ಮ ಕೈಗೆಟುಕದ ಬೆಲೆ ಹೊತ್ತು ತಿರುಗಿ ಬಂದಿತ್ತು.

ಆಮೇಲೆ ಓದಿ ತಿಳಿದುಕೊಂಡೆ. ಒಳ್ಳೆಯ ಗಿಟಾರುಗಳಿಗೆ ಮೊದಲೆಲ್ಲ ಬ್ರೆಜಿಲ್ಲಿನ ರೋಸ್‌ವುಡ್ ಬಳಸುತ್ತಿದ್ದರು. ಆ ದೇಶ ಮರದ ದಿಮ್ಮಿಗಳನ್ನು ಹೊರಗೆ ಕಳಿಸುವುದಕ್ಕೆ ತಡೆ ಹಾಕಿದಾಗ, 1833ರಲ್ಲಿ ಶುರುವಾದ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಹೊರಳಿತು. ಉಳಿದವರು ಹಿಂಬಾಲಿಸಿದರು. ಅಂದಿನಿಂದ ಲೋಕದ ಎಷ್ಟೋ ಗಿಟಾರುಗಳ ಬೆನ್ನು ಪಶ್ಚಿಮ ಘಟ್ಟದ ಮರದ್ದು. ಅದರ ನೆರಳಿನಲ್ಲಿ ಕಾಫಿ ಬೆಳೆಯುವ ನಮಗೆ ಆ ಸುದ್ದಿಯೇ ಇರಲಿಲ್ಲ.

ಅಂಗಡಿಯಲ್ಲಿ ಕೊಳ್ಳಲಿಲ್ಲ. ನಮ್ಮೂರಿನ ಮಳೆಯಲ್ಲಿ ಇದು ಉಳಿಯುತ್ತದಾ ಎಂದು ಕೇಳಿದ್ದಕ್ಕೆ ಅಲ್ಲಿಯ ಹುಡುಗ ಒಳ್ಳೆಯ ಚೀಲ ತಗೊಳ್ಳಿ ಸರ್ ಎಂದ. ಪಾಪ, ಅವನಿಗೆ ನಮ್ಮ ಮಳೆ ಗೊತ್ತಿರಬೇಕಾದ್ದೂ ಇರಲಿಲ್ಲ.

ಒಬ್ಬರೇ ಕೂತು ಕೈಯಿಂದ ಗಿಟಾರ್ ಮಾಡುವವರಿದ್ದಾರೆ ಎಂದು ತಿಳಿಸಿದವರು ವೀಣೆ ರಿಪೇರಿ ಮಾಡುವ ಒಬ್ಬ ಹಿರಿಯರು. ಊರಾಚೆ, ಮನೆಯ ಹಿಂದೊಂದು ಶೆಡ್. ವರ್ಷಕ್ಕೆ ಐದಾರು ವಾದ್ಯ ಮಾಡಿದರೆ ಹೆಚ್ಚು. ಅವರು ಹೆಸರು ಬರೆಯುವುದು ಬೇಡ ಎಂದಿರುವುದರಿಂದ ಇಲ್ಲಿ ಮೇಷ್ಟ್ರು ಎಂದೇ ಕರೆಯುತ್ತೇನೆ. ನನ್ನನ್ನು ಕೂರಿಸಿ ಅವರು ಕೇಳಿದ ಮೊದಲ ಪ್ರಶ್ನೆ, ಎಂಥ ಗಿಟಾರ್ ಬೇಕು ಎಂದಲ್ಲ.

“ಎಲ್ಲಿ ಇಟ್ಟು ನುಡಿಸ್ತೀರಿ?”

“ಕಳಸದ ಹತ್ತಿರ, ತೋಟದ ಮನೆ.”

“ಮಳೆ ಎಷ್ಟು ನಿಮ್ಮಲ್ಲಿ?”

ಬಾಯಲ್ಲಿ ಹೇಳಿ ಸಾಕಾಗಲಿಲ್ಲ. ಎರಡನೆಯ ಸಲ ಹೋಗುವಾಗ ಅಪ್ಪಯ್ಯನ ಪುಸ್ತಕವನ್ನೇ ಕಟ್ಟಿಕೊಂಡು ಹೋದೆ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಹತ್ತು ವರ್ಷದ ಪುಟಗಳನ್ನು ಒಂದೊಂದಾಗಿ ಮಗುಚಿದರು. ಜೂನ್ ಮೊದಲ ವಾರಕ್ಕೂ ಸೆಪ್ಟೆಂಬರ್ ಕೊನೆಗೂ ನಡುವೆ ಒಂದೂ ಒಣ ವಾರವಿಲ್ಲದ್ದನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡರು. ಜನವರಿ, ಫೆಬ್ರುವರಿಯ ಖಾಲಿ ಕಾಲಂಗಳನ್ನೂ ನೋಡಿದರು. “ಮಳೆಯ ಜೊತೆಗೆ ನಿಮಗೆ ಈ ಖಾಲಿ ತಿಂಗಳದ್ದೂ ಹೆದರಿಕೆ,” ಎಂದರು. 2007ರ ಸಾಲು ಅವರ ಕಣ್ಣಿಗೆ ಬಿತ್ತು. ಓದಿ ಪುಸ್ತಕ ಮುಚ್ಚಿ, ಸ್ವಲ್ಪ ಹೊತ್ತು ಸುಮ್ಮನೆ ಕೂತರು. “ಆ ಕುದುರೆಯ ಕೆಳಗಿನ ವಾರ್ನಿಶ್ ಕೆರೆಯದೆ ಅದರ ಮೇಲೇ ಅಂಟು ಹಾಕಿರ್ತಾರೆ. ಮರಕ್ಕೆ ಮರ ಸಿಗದಿದ್ರೆ ಹಿಡಿಯಲ್ಲ.” ಐದು ವರ್ಷದ ನನ್ನ ಪ್ರಶ್ನೆಗೆ ಎರಡು ಮಾತಿನಲ್ಲಿ ಉತ್ತರ ಸಿಕ್ಕಿತು. ಇವರ ಕೈಯಲ್ಲೇ ಮಾಡಿಸುವುದು ಎಂದು ಆ ಕ್ಷಣ ತೀರ್ಮಾನಿಸಿದೆ.

ಒಣಗಿಸುವ ವಿಷಯ ಬಂದಾಗ ನಮ್ಮಿಬ್ಬರ ಮಾತು ಒಂದೇ ಆಯಿತು. ಕಣದಲ್ಲಿ ಪಾರ್ಚ್‌ಮೆಂಟ್ (ಹೊರಸಿಪ್ಪೆ ತೆಗೆದ ಕಾಫಿ ಬೀಜ) ಒಣಗಿಸುವಾಗ ತೇವ ನೂರಕ್ಕೆ 10ಕ್ಕೆ ಇಳಿಯಬೇಕು. ಹೆಚ್ಚಿದ್ದರೆ ಗೋಣಿಯಲ್ಲಿ ಬೂಷ್ಟು, ತೀರಾ ಒಣಗಿಸಿದರೆ ತೂಕವೂ ಹೋಯಿತು, ಬೀಜವೂ ಒಡೆಯಿತು. ಅಪ್ಪಯ್ಯ ಹಲ್ಲಲ್ಲಿ ಕಚ್ಚಿ ಸದ್ದು ಕೇಳಿ ಹೇಳುತ್ತಿದ್ದದ್ದನ್ನು ವಿವರಿಸಿದೆ. ಮೇಷ್ಟ್ರಿಗೆ ಬಹಳ ಖುಷಿಯಾಯಿತು. ಹಲಗೆಯ ರಾಶಿಯಿಂದ ಒಂದನ್ನು ಎಳೆದು, ತುದಿಯಿಂದ ಕಾಲು ಭಾಗ ಬಿಟ್ಟು ಎರಡು ಬೆರಳಲ್ಲಿ ತೂಗುಹಾಕಿ ಹಿಡಿದು, ಗೆಣ್ಣಿನಿಂದ ಕುಟ್ಟಿದರು. ಠಣ್ ಎಂದು ದೇವಸ್ಥಾನದ ಸಣ್ಣ ಗಂಟೆಯ ಹಾಗೆ ಸದ್ದು ಎದ್ದು, ನಾನು ಉಸಿರು ಬಿಡುವ ತನಕ ನಿಂತಿತು. ಎರಡೂವರೆ ಮಿಲಿಮೀಟರಿಗೆ ಹತ್ತಿರದ ದಪ್ಪ, ತಿರುಳಿನಿಂದ ತೊಗಟೆ ಕಡೆಗೆ ನೇರ ಸೀಳಿದ ಬೀಟೆ. ಸರ್ಕಾರಿ ನಾಟಾ ಡಿಪೋದ ಹರಾಜಿನಲ್ಲಿ ಹೋದ ದಿಮ್ಮಿಯದು, ರಶೀದಿ ಇದೆ, ಆರು ವರ್ಷದಿಂದ ಈ ಶೆಡ್ಡಿನಲ್ಲಿ ಒಣಗುತ್ತಿದೆ ಎಂದರು.

ನನ್ನ ಹತ್ತಿರವೂ ಬೀಟೆ ಇತ್ತು. ಅಜ್ಜನ ಮಂಚದ ತಲೆ ಕಡೆಯ ಹಲಗೆ. ಅಜ್ಜ ತೀರಿಕೊಂಡ ಮೇಲೆ ಕಾಲು ಮುರಿದು ಅಟ್ಟ ಸೇರಿತ್ತು. ಅದರ ಬೆನ್ನಿನ ಗಿಟಾರ್ ಆಗಬೇಕೆಂದು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದೆ. ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಹೋದೆ. ಮೇಷ್ಟ್ರು ಅದನ್ನೂ ಹಾಗೆಯೇ ತೂಗುಹಾಕಿ ಕುಟ್ಟಿದರು. ಟಪ್ ಎಂದಿತು, ಅಷ್ಟೇ. ಇನ್ನೊಂದು ಕಡೆ ಹಿಡಿದು ಕುಟ್ಟಿದರು. ಟಪ್. ಬೆಳಕಿಗೆ ಹಿಡಿದು ನನಗೆ ತೋರಿಸಿದರು: ಮೊಳೆಯ ನಾಲ್ಕು ತೂತು, ಒಳಗೆ ಕೂದಲೆಳೆಯ ಬಿರುಕು, ಎಳೆ ಅಡ್ಡಡ್ಡ ಹರಿದ ಸೀಳು.

“ಬೆನ್ನಿಗೆ ಬರಲ್ಲ, ಸರ್. ನಿಮ್ಮ ದುಡ್ಡು ತಗೊಂಡು ಮಾಡಿಕೊಡಬಹುದು. ಮೂರು ಮಳೆಗಾಲ ಕಳೀತಿದ್ದ ಹಾಗೆ ಬಾಯಿ ಬಿಡುತ್ತೆ.”

ನನ್ನ ಮುಖ ನೋಡಿರಬೇಕು. ಸ್ವಲ್ಪ ತಡೆದು, ಮೂಲೆಯ ಒಂದು ಗೇಣು ಜಾಗವನ್ನು ಬೆರಳಿನಿಂದ ಗೀಚಿದರು. “ಇಲ್ಲಿ ಬಿರುಕಿಲ್ಲ. ಕುದುರೆ ಇದರಲ್ಲಿ ಮಾಡ್ತೀನಿ. ತಂತಿಯ ನಡುಕ ಎಲ್ಲ ಮೊದಲು ಅದರ ಮೂಲಕವೇ ಒಳಗೆ ಹೋಗೋದು.”

ಇನ್ನೊಂದು ಆಸೆಯನ್ನೂ ಅವರು ಒಪ್ಪಲಿಲ್ಲ. ಹಿಂದಿನ ವರ್ಷದ ಗಾಳಿಗೆ ನಮ್ಮ ತೋಟದಲ್ಲಿ ಒಂದು ಬೀಟೆ ಬಿದ್ದಿತ್ತು. ಬೀಟೆ ನಮ್ಮ ತೋಟದೊಳಗೆ ಬೆಳೆದರೂ ನಮ್ಮಿಷ್ಟದಂತೆ ಕಡಿಯುವ, ಸಾಗಿಸುವ ಮರವಲ್ಲ. ಅರಣ್ಯ ಇಲಾಖೆಯ ಅಪ್ಪಣೆ ಬೇಕು, ಪಾಸು ಬೇಕು. ಒಂದು ತುಂಡು ಯಾರಿಗೂ ತಿಳಿಯದ ಹಾಗೆ ತರಲೇ ಎಂದು ಕೇಳಿದೆ. ಆ ಮಾತು ಕೇಳಬಾರದಿತ್ತು. “ಹಸಿ ಮರ ಹದ ಆಗೋಕೆ ವರ್ಷಗಳು ಬೇಕು. ಅದು ಇರಲಿ, ಕದ್ದ ಮರದಲ್ಲಿ ನಾನು ಮಾಡಲ್ಲ,” ಎಂದು ಕೆಲಸಕ್ಕೆ ತಿರುಗಿದರು. ನಿಧಾನ ಬೆಳೆಯುವ ಈ ಮರವನ್ನು ಕದ್ದು ಕಡಿದು ಸಾಗಿಸುವವರಿಂದ ನಮ್ಮ ಕಾಡು ಎಷ್ಟು ಬರಿದಾಗಿದೆ ಎಂಬುದು ಮಲೆನಾಡಿನಲ್ಲಿ ಹುಟ್ಟಿದ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎದೆಯ ಹಲಗೆಗೆ ಮಾತ್ರ ನಮ್ಮ ಕಾಡಿನ ಮರ ಒದಗುವುದಿಲ್ಲ. ಅದು ಸ್ಪ್ರೂಸ್, ಚಳಿ ದೇಶದ್ದು. ಹಗುರ ಮತ್ತು ಗಟ್ಟಿ ಎರಡೂ ಒಟ್ಟಿಗೆ ಬೇಕೆಂದರೆ ಅದೇ. ದನಿಯ ಬಹುಪಾಲು ಅದರಿಂದ ಮತ್ತು ಅದರ ಒಳಗೆ ಅಂಟಿಸುವ ಪಟ್ಟಿಗಳಿಂದ ಬರುತ್ತದೆ. ಸ್ಪೇನಿನ ಟೊರೆಸ್ ಎಂಬ ಹೆಸರಾಂತ ಕುಶಲಿ ಇದನ್ನು ತೋರಿಸಲೆಂದೇ 1862ರಲ್ಲಿ ಬೆನ್ನಿಗೂ ಪಕ್ಕಕ್ಕೂ ರಟ್ಟು ಹಾಕಿ ಒಂದು ಗಿಟಾರ್ ಮಾಡಿದ್ದ. ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿ ಅದು ಈಗಲೂ ಇದೆ. ಈಚೆಗೆ, 2018ರಲ್ಲಿ, ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಒಬ್ಬರೇ ಕುಶಲಿಯಿಂದ ಬೆನ್ನು-ಪಕ್ಕದ ಮರ ಮಾತ್ರ ಬೇರೆಯಾದ ಆರು ಗಿಟಾರ್ ಮಾಡಿಸಿ, 52 ವಾದಕರ ಕೈಗೆ ಮಂದ ಬೆಳಕಿನಲ್ಲಿ ಕೊಟ್ಟು ನೋಡಿದರು. ದುಬಾರಿ ಮರವನ್ನೂ ಅಗ್ಗದ ಮರವನ್ನೂ ಅವರು ನೆಚ್ಚಿಕೊಳ್ಳುವಷ್ಟು ಬೇರ್ಪಡಿಸಿ ಹೇಳಲಾಗಲಿಲ್ಲ. ಆ ಸುದ್ದಿಯನ್ನು ಮೇಷ್ಟ್ರಿಗೆ ಫೋನಿನಲ್ಲಿ ಓದಿ ಹೇಳಿದೆ. “ಸರಿಯಾಗೇ ಇದೆ. ನಿಮಗೆ ಬೀಟೆ ಹಾಕಿದ್ದು ದನಿಗೆ ಅಂತ ಅಲ್ಲ. ಎಣ್ಣೆ ಇರೋ ಮರ, ಹವೆ ಏರುಪೇರಾದ್ರೂ ಅಷ್ಟಾಗಿ ಹಿಗ್ಗಿ ಕುಗ್ಗಲ್ಲ,” ಎಂದರು.

ಆಕಾರ ಆರಿಸುವುದಕ್ಕೆ ಒಂದಿಡೀ ಮಧ್ಯಾಹ್ನ ಹೋಯಿತು. ನನಗೆ ದೊಡ್ಡದೇ ಬೇಕಿತ್ತು, ಯುದ್ಧನೌಕೆಯ ಹೆಸರಿಟ್ಟ ಡ್ರೆಡ್‌ನಾಟ್. ಸಿನಿಮಾದಲ್ಲಿ ನೋಡಿದ್ದೆಲ್ಲ ಅದೇ. ಮೇಷ್ಟ್ರು ರಿಪೇರಿಗೆ ಬಂದಿದ್ದ ಎರಡು ಗಿಟಾರುಗಳನ್ನು ಕೈಗೆ ಕೊಟ್ಟು, ಕಣ್ಣು ಮುಚ್ಚಿ ನುಡಿಸಿ ಎಂದು ಒಳಗೆ ಹೋದರು. ದೊಡ್ಡದನ್ನು ತಬ್ಬಿದರೆ ಬಲ ಭುಜ ಕಿವಿಯ ಹತ್ತಿರ ಬಂತು. ಕಾಲು ಗಂಟೆಯಲ್ಲಿ ತೋಳು ಜೋಮು. ನಡು ಸಣ್ಣಗಿದ್ದ ಎರಡನೆಯದು ತೊಡೆಯ ಮೇಲೆ ಮಗುವಿನ ಹಾಗೆ ಕೂತಿತು. ಬೆರಳಿನಿಂದ ಮೀಟಿದರೆ ಒಂದೊಂದು ತಂತಿಯೂ ಬೇರೆ ಬೇರೆಯಾಗಿ ಕೇಳಿತು. ನಾನು ನುಡಿಸುವುದು ಹೆಚ್ಚಾಗಿ ರಾತ್ರಿ, ಒಬ್ಬನೇ, ಭಾವಗೀತೆ. ಸಣ್ಣದನ್ನೇ ಹೇಳಿದೆ.

ಹದಿನಾಲ್ಕು ತಿಂಗಳು ಕಾದೆ. ಹಲಗೆಗೆ ಒಳಪಟ್ಟಿ ಅಂಟಿಸುವ ಕೆಲಸವನ್ನು ಅವರು ಶೆಡ್ಡಿನೊಳಗಿನ ಹವೆಯ ತೇವ ಅಳೆದುಕೊಂಡೇ ಮಾಡುತ್ತಾರೆ. ಬೇರೆಯವರದ್ದಕ್ಕೆ ಮಾಪಕ ನೂರಕ್ಕೆ 45 ತೋರಿಸಿದಾಗ ಅಂಟಿಸುವವರು ನನ್ನದಕ್ಕೆ 50ರ ತನಕ ಕಾದರಂತೆ, ನಮ್ಮ ಮಳೆಗೆ ಒಂದು ಹೆಜ್ಜೆ ಹತ್ತಿರ ಇರಲೆಂದು. ಮನೆಯಲ್ಲಿ ಅಮ್ಮ ತಿಂಗಳಿಗೊಮ್ಮೆ, “ಎಂತ ಮಾರಾಯ, ಇನ್ನೂ ಬರಲಿಲ್ವಾ ನಿನ್ನ ಗಿಟಾರು?” ಎಂದು ಕೇಳುತ್ತಿದ್ದರು. ನಾಲ್ಕು ಚೀಲ ಮೆಣಸಿನ ದುಡ್ಡು ಕೊಟ್ಟು ಬಂದದ್ದು ಅವರಿಗೂ ಗೊತ್ತಿತ್ತು.

2013ರ ಡಿಸೆಂಬರಿನಲ್ಲಿ ಹೋಗಿ ತಂದೆ. ಪೆಟ್ಟಿಗೆಯ ಮುಚ್ಚಳ ತೆಗೆದಾಗ ಮೊದಲು ಬಂದದ್ದು ವಾಸನೆ, ಬೀಟೆಯ ಆ ಸಣ್ಣ ಸಿಹಿ. ಅಜ್ಜನ ಮಂಚದ ತುಂಡು ಕುದುರೆಯಾಗಿ ಕೂತಿತ್ತು. ನೂರು ವರ್ಷದ ಕಪ್ಪು ಹೋಗಿ ಒಳಗಿನ ನೇರಳೆ ಎದ್ದಿತ್ತು. ಪೆಟ್ಟಿಗೆಯ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ. ಅದರಲ್ಲಿ ಎಲುಬಿನ ಎರಡು ಪಟ್ಟಿಗಳು. ಕುದುರೆಯ ಸೀಳಿನಲ್ಲಿ ನಿಂತು ತಂತಿಯನ್ನು ಎತ್ತಿ ಹಿಡಿಯುವ ಪಟ್ಟಿ ಅದು, ಸ್ಯಾಡಲ್ ಅನ್ನುತ್ತಾರೆ. ಒಂದರ ಬುಡದಲ್ಲಿ ಪೆನ್ಸಿಲ್ಲಿನಿಂದ ‘ಮ’, ಇನ್ನೊಂದರಲ್ಲಿ ‘ಬೇ’. ಮಳೆಗಾಲದಲ್ಲಿ ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ, ಆಗ ಗಿಡ್ಡದ್ದು ಹಾಕಬೇಕು. ಬೇಸಿಗೆಗೆ ಹಲಗೆ ಇಳಿಯುತ್ತದೆ, ಆಗ ಎತ್ತರದ್ದು. ಎರಡಕ್ಕೂ ಒಂದು ಮಿಲಿಮೀಟರಿನಷ್ಟೂ ವ್ಯತ್ಯಾಸವಿಲ್ಲ. ಬದಲಾಯಿಸಲು ಹತ್ತು ನಿಮಿಷ ಸಾಕು. ಅಪ್ಪಯ್ಯನ ಪುಸ್ತಕದ ಹತ್ತು ವರ್ಷಗಳನ್ನು ಮೇಷ್ಟ್ರು ಆ ಎರಡು ಎಲುಬಿನ ಚೂರುಗಳಲ್ಲಿ ಕೆತ್ತಿಟ್ಟಿದ್ದರು. ಡಬ್ಬಿ ಹಿಡಿದುಕೊಂಡು ನಾನು ಅಲ್ಲೇ ಅತ್ತೆ.

ಅಮೆರಿಕದಲ್ಲಿರುವ ನನ್ನ ಚಿಕ್ಕಪ್ಪನ ಮಗಳು ರಜೆಗೆ ಬಂದಾಗ ನುಡಿಸಿ ನೋಡಿ, ಇಂಥದ್ದೇ ಒಂದು ಬೇಕು ಎಂದಳು. ಅದು 2017. ಆ ವರ್ಷದ ಜನವರಿ 2ರಿಂದ ಬೀಟೆಯ ಕುಲದ ಎಲ್ಲ ಮರಗಳೂ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಪಟ್ಟಿಗೆ ಸೇರಿ, ಅವುಗಳಿಂದ ಮಾಡಿದ ಗಿಟಾರನ್ನು ಮಾರಾಟಕ್ಕೆ ಗಡಿ ದಾಟಿಸಲೂ ಕಾಗದಪತ್ರ ಬೇಕಾಗಿತ್ತು. ಒಬ್ಬರೇ ದುಡಿಯುವ ಮೇಷ್ಟ್ರಂಥವರಿಗೆ ಅದನ್ನೆಲ್ಲ ಮಾಡಿಸುವುದು ಆಗದ ಮಾತು. ಸಿದ್ಧ ವಾದ್ಯಗಳಿಗೆ ಸಡಿಲಿಕೆ ಸಿಕ್ಕಿದ್ದು 2019ರ ನವೆಂಬರಿನಲ್ಲಿ. ಮರ ಉಳಿಯಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ವರ್ಷಕ್ಕೆ ಐದು ಗಿಟಾರಿಗೆ ಹರಾಜಿನ ಮರ ಬಳಸುವವರೂ ದಿಮ್ಮಿಗಟ್ಟಲೆ ಸಾಗಿಸುವವರೂ ಒಂದೇ ಸಾಲಿನಲ್ಲಿ ನಿಂತದ್ದು ನ್ಯಾಯವಾಗಿರಲಿಲ್ಲ.

2019ರ ಆಗಸ್ಟ್ ಮಳೆಯನ್ನು ಈ ಕಡೆಯವರು ಯಾರೂ ಮರೆತಿಲ್ಲ. ಮೂಡಿಗೆರೆ ತಾಲೂಕಿನಲ್ಲಿ ಗುಡ್ಡಗಳು ಜಾರಿದವು, ಚಾರ್ಮಾಡಿ ಘಾಟಿ ಮುಚ್ಚಿತು, ಹೆಬ್ಬಾಳೆ ಸೇತುವೆ ಭದ್ರೆಯಲ್ಲಿ ಮುಳುಗಿತು. ನಮ್ಮಲ್ಲಿ ಒಂಬತ್ತು ದಿನ ಕರೆಂಟಿಲ್ಲ. ಮನೆ ಹಿಂದಿನ ಧರೆ ಕುಸಿಯುವ ಭಯಕ್ಕೆ ಅಮ್ಮನನ್ನು ಕರೆದುಕೊಂಡು ರೈಟ್ರ ಮನೆಗೆ ಹೋಗುವಾಗ ತೆಗೆದುಕೊಂಡದ್ದು ಔಷಧಿಯ ಚೀಲ, ತೋಟದ ಕಾಗದಪತ್ರ, ಮಳೆ ಲೆಕ್ಕದ ಪುಸ್ತಕ ಮತ್ತು ಗಿಟಾರ್. ಅಲ್ಲಿ ಮೂರನೆಯ ರಾತ್ರಿ, ವಯಸ್ಸಾಗಿ ಬೆರಳು ನಡುಗುತ್ತಿದ್ದ ರೈಟ್ರು ಕೇಳಿ ತೆಗೆಸಿ, ತೊಡೆಯ ಮೇಲಿಟ್ಟುಕೊಂಡರು. ಹೊರಗೆ ಆ ಮಳೆ. ಒಂದು ತಂತಿಯೂ ಶ್ರುತಿ ಬಿಟ್ಟಿರಲಿಲ್ಲ. ಮೂರೇ ಸ್ವರಮೇಳದ ಒಂದು ಹಾಡು ನುಡಿಸಿ, ಕುದುರೆಯ ಮೇಲೆ ಬೆರಳಾಡಿಸಿ, “ಇದು ನಿನ್ನ ಅಜ್ಜನ ಮಂಚ ಅಲ್ದಾ?” ಎಂದರು.

ಗಿಟಾರ್ ಕೊಳ್ಳಬೇಕೆಂದು ನಮ್ಮ ಕಡೆಯ ಹುಡುಗ ಹುಡುಗಿಯರು ಈಗ ನನ್ನನ್ನು ಕೇಳುತ್ತಾರೆ. ಕಲಿಯುವವರಿಗೆ ಅಂಗಡಿಯದೇ ಸಾಕು, ಒಳ್ಳೆಯವು ಸಿಗುತ್ತವೆ. ಆದರೆ ಕೈಯಿಂದ ಮಾಡಿಸುವ ಶಕ್ತಿ ಬಂದ ದಿನ, ಮಾಡುವವರ ಎದುರು ಕೂತು ನಿಮ್ಮ ಮನೆಯ ಮಳೆಯನ್ನು ಹೇಳಿ. ಅದನ್ನು ಪೂರ್ತಿ ಕೇಳಿಸಿಕೊಳ್ಳುವವರ ಹತ್ತಿರ ಮಾಡಿಸಿ.

ಅಪ್ಪಯ್ಯ ಈಗಿಲ್ಲ. ಪುಸ್ತಕವನ್ನು ನಾನು ಬರೆಯುತ್ತೇನೆ. ಈ ವರ್ಷ ಜೂನ್ 9ರ ಸಾಲಿನಲ್ಲಿ 2 ಇಂಚು 15 ಸೆಂಟು ಮಳೆ, ಅದರ ಮುಂದೆ ‘ಮಳೆಗಾಲದ ಎಲುಬು ಹಾಕಿದೆ’ ಎಂದಿದೆ.